ಅಂಬರ್ ಬಣ್ಣಗಳ ಮಾದರಿ ಸರ: ಕೆಲಸ ಎಲ್ಲಿಗೆ ಬಂತು

ಪ್ರಾಚೀನ ಮರದ ರಾಳ ಗಟ್ಟಿಯಾಗಿ ಆದ, ಆಭರಣಗಳಲ್ಲಿ ಬಳಸುವ ಅಂಬರ್‌ನ ಬಣ್ಣಗಳನ್ನೆಲ್ಲ ಒಂದೇ ಸರದಲ್ಲಿ ತೋರಿಸುವ ಕೆಲಸ ಈಗ ಅರ್ಧ ದಾಟಿದೆ. ಬಿಳಿಯಿಂದ ಆರಂಭಿಸಿ ನಿಂಬೆ ಹಳದಿ, ಜೇನು, ಕಾಗ್ನ್ಯಾಕ್ ಕಂದು, ಚೆರ್ರಿ ಕೆಂಪುಗಳನ್ನು ದಾಟಿ ಕಪ್ಪಿನವರೆಗೆ ಮಣಿಗಳನ್ನು ತಿಳಿಯಿಂದ ಗಾಢಕ್ಕೆ ಪೋಣಿಸಬೇಕೆಂಬುದು ಮೊದಲಿನ ಯೋಜನೆಯಾಗಿತ್ತು. ಮಣಿಗಳನ್ನು ಪರೀಕ್ಷಿಸುತ್ತ ಹೋದಂತೆ ಆ ಕ್ರಮವನ್ನು ಬಿಟ್ಟು, ಬಣ್ಣ ಬಂದ ಕಾರಣವನ್ನು ನೋಡಿ ಗುಂಪು ಮಾಡಲು ತೀರ್ಮಾನಿಸಿದ್ದೇನೆ. ನೋಟಕ್ಕೆ ಒಂದೇ ಕೆಂಪಾಗಿರುವ ಎರಡು ಮಣಿಗಳಲ್ಲಿ ಒಂದು ಬಹುಕಾಲ ಗಾಳಿಗೆ ಒಡ್ಡಿಕೊಂಡು ಕೆಂಪಾಗಿರಬಹುದು, ಇನ್ನೊಂದು ಓವನ್ನಿನ ಕಾವಿಗೆ ಕೆಂಪಾಗಿರಬಹುದು; ಅವೆರಡಕ್ಕೂ ಒಂದೇ ಚೀಟಿ ಅಂಟಿಸಿದರೆ ಮಾದರಿ ಸರಕ್ಕೆ ಅರ್ಥವೇ ಇರುವುದಿಲ್ಲ.

ನನ್ನಲ್ಲಿರುವ ಮಣಿಗಳಲ್ಲಿ ಹೆಚ್ಚಿನವು ಬಾಲ್ಟಿಕ್ ಅಂಬರ್, ಅಂದರೆ ಸುಮಾರು 4 ಕೋಟಿ ವರ್ಷಗಳ ಹಿಂದಿನ ಮರಗಳ ರಾಳ ಮಣ್ಣಿನಡಿ ಗಟ್ಟಿಯಾಗಿ ಉಳಿದದ್ದು. ಬಣ್ಣ ನೋಡುವುದಕ್ಕೆ ಮೊದಲು ಅವು ಅಂಬರ್ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಿತ್ತು. 250 ಮಿಲಿಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ಮಣಿಗಳನ್ನು ಹಾಕಿದಾಗ ಬೇಕಲೈಟ್ ಎಂಬ ಹಳೆಯ ಪ್ಲಾಸ್ಟಿಕ್‌ನವು ತಳ ಸೇರಿದವು, ಅಂಬರ್ ತೇಲಿತು. ಆದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕೂ, ಇನ್ನೂ ಎಳೆಯದಾದ ಕೋಪಲ್ ರಾಳವೂ ಅದೇ ನೀರಿನಲ್ಲಿ ತೇಲುವುದರಿಂದ ಈ ಪರೀಕ್ಷೆಯನ್ನೊಂದೇ ನಂಬುವಂತಿಲ್ಲ. ರಂಧ್ರದ ಅಂಚಿನಲ್ಲಿ ಅಸಿಟೋನಿನ ಒಂದು ಹನಿ ಬಿಟ್ಟು ನೋಡಿದರೆ ಕೋಪಲ್ ಅಂಟಂಟಾಗುತ್ತದೆ, ಬಾಲ್ಟಿಕ್ ಅಂಬರ್ ಹಾಗೆಯೇ ಉಳಿಯುತ್ತದೆ.

ಹೆಚ್ಚು ಸಮಯ ತೆಗೆದುಕೊಂಡದ್ದು ಬಿಳಿ ಮತ್ತು ಬೆಣ್ಣೆ ಹಳದಿಯ ಗುಂಪು. ಇಲ್ಲಿ ಬಿಳಿ ಎಂಬ ವರ್ಣದ್ರವ್ಯವೇ ಇಲ್ಲ. ರಾಳದೊಳಗೆ ಸಿಕ್ಕಿಕೊಂಡ ಅತಿ ಸಣ್ಣ ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಬಣ್ಣವಿಲ್ಲದ ಸೋಪಿನ ನೀರು ನೊರೆಯಾದಾಗ ಬೆಳ್ಳಗೆ ಕಾಣುವಂತೆಯೇ ಇದೂ. ಗುಳ್ಳೆಗಳು ವಿರಳವಾಗಿದ್ದು ತುಸು ದೊಡ್ಡದಾಗಿದ್ದರೆ ಮಣಿ ಮಂಜು ಕವಿದಂತೆ ಅರೆಪಾರದರ್ಶಕವಾಗಿರುತ್ತದೆ, ಅವು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಕಿರಿದಾಗಿ ಒತ್ತೊತ್ತಾಗಿದ್ದರೆ ಮೂಳೆಯ ಬಿಳುಪು ಬರುತ್ತದೆ. ಭೂತಗನ್ನಡಿ ಹಿಡಿದು ಬೆಣ್ಣೆ ಹಳದಿಯ ಮಣಿಯೊಂದರ ಅಂಚನ್ನು ದೀಪಕ್ಕೆ ಎದುರಾಗಿ ತಿರುಗಿಸುತ್ತ ಹೋದಾಗ, ಮಬ್ಬು ಪದರಗಳ ನಡುವೆ ಎಳೆಯಷ್ಟು ತೆಳುವಾದ ತಿಳಿ ಜೇನುಬಣ್ಣದ ಗೆರೆಯೊಂದು ಹಾದುಹೋಗಿದ್ದು ಕಂಡಿತು. ಆ ಗೆರೆಯಲ್ಲಿ ಗುಳ್ಳೆಗಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಬಿಳಿಗೂ ಜೇನಿಗೂ ಇರುವ ಸಂಬಂಧ ಇದೊಂದೇ ಮಣಿಯಲ್ಲಿ ಕಾಣುವುದರಿಂದ ಸರದ ನಡುಮಧ್ಯದ ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಈ ಗುಳ್ಳೆಗಳನ್ನು ಕಾವಿನಿಂದ ಇಲ್ಲವಾಗಿಸಲೂ ಬರುತ್ತದೆ. ಹಿಂದೆ ಎಣ್ಣೆಯಲ್ಲಿ ನಿಧಾನವಾಗಿ ಕಾಯಿಸಿ ಮಬ್ಬು ಅಂಬರ್ ಅನ್ನು ತಿಳಿಯಾಗಿಸುತ್ತಿದ್ದರು; ಈಗ ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ ನೈಟ್ರೋಜನ್‌ನಂಥ ಅನಿಲ ತುಂಬಿ ಅದೇ ಕೆಲಸ ಮಾಡುತ್ತಾರೆ. ಕಾವು ಏರಿಳಿಯುವಾಗ ಒಳಗೆ ಹುಟ್ಟುವ ದುಂಡನೆಯ ಬಿರುಕುಗಳು ಮೀನಿನ ಪೊರೆಯಾಕಾರದಲ್ಲಿ ಥಳಥಳಿಸುತ್ತವೆ. ಅಂಗಡಿಯವರು ಇವನ್ನು ಬಹುತೇಕ ಪ್ರಕೃತಿಯ ವಿಶೇಷ ಕೊಡುಗೆ ಎಂಬಂತೆ ತೋರಿಸುತ್ತಾರಾದರೂ, ಇವು ಸಾಮಾನ್ಯವಾಗಿ ಕಾಯಿಸಿದ್ದರ ಗುರುತು. ನೋಡಲು ಚೆಂದವೆಂಬುದರಲ್ಲಿ ಸಂಶಯವಿಲ್ಲ. ನಾನೂ ಒಂದನ್ನು ಇಟ್ಟುಕೊಂಡಿದ್ದೇನೆ, ಚೀಟಿಯಲ್ಲಿ ಮಾತ್ರ ‘ಕಾಯಿಸಿದ್ದು’ ಎಂದೇ ಬರೆದಿದ್ದೇನೆ.

ಚೆರ್ರಿ ಕೆಂಪಿನ ಮಣಿಗಳಲ್ಲಿ ಒಂದನ್ನು ಉದ್ದೇಶಪೂರ್ವಕವಾಗಿ ಉಜ್ಜಿದೆ. 400ನೆಯ ನಂಬರಿನ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಒಂದು ಪಕ್ಕವನ್ನು ತಿಕ್ಕುತ್ತಿದ್ದಂತೆ ಬೆರಳಿಗೆ ತಿಳಿ ಬಣ್ಣದ ಕೆಸರು ಹತ್ತಿತು, ಪೈನ್ ಮರದ ಘಮ ಎದ್ದಿತು, ಕೆಂಪು ಪೊರೆ ಸವೆದು ಅದರಡಿಯಿಂದ ಹೊಳಪಿಲ್ಲದ ಹಳದಿ ಇಣುಕಿತು. ಕೆಂಪು ಇದ್ದದ್ದು ಉಗುರಿನ ದಪ್ಪಕ್ಕಿಂತಲೂ ತೆಳುವಾದ ಹೊರಪದರದಲ್ಲಿ ಮಾತ್ರ. ಗಾಳಿಯ ಆಮ್ಲಜನಕ ಮೇಲ್ಮೈಯೊಡನೆ ಬೆರೆತು ಅಂಬರ್ ಕ್ರಮೇಣ ಗಾಢವಾಗುವುದು ಸಹಜವೇ. ಹಳೆಯ ಸರಗಳು ಮೊಟ್ಟೆಯ ಹಳದಿಯ ಬಣ್ಣಕ್ಕೆ, ಮುಂದೆ ಕಂದು ಕೆಂಪಿಗೆ ತಿರುಗುವುದು ಹಾಗೆಯೇ. ಓವನ್ ಅದೇ ಕ್ರಿಯೆಯನ್ನು ಅವಸರದಲ್ಲಿ ಮುಗಿಸುತ್ತದೆ. ಉಜ್ಜಿದ ಪಕ್ಕವನ್ನು 800, 1500, 2500ರ ಕಾಗದಗಳಲ್ಲಿ ನುಣುಪು ಮಾಡಿ, ಮಣಿಯನ್ನು ಎರಡು ಬಣ್ಣದಲ್ಲೇ ಉಳಿಸಿದ್ದೇನೆ. ಅಂಬರ್‌ಗೆ ಬಣ್ಣ ಕೊಡುವ ಚಪಲ ಹೊಸದೇನೂ ಅಲ್ಲ: ಆಡಿನ ಮರಿಯ ಕೊಬ್ಬು ಮತ್ತು ಕೆಂಪು ಬಣ್ಣ ಕೊಡುವ ಅಲ್ಕನೆಟ್ ಎಂಬ ಗಿಡದ ಬೇರಿನಿಂದ ಅದಕ್ಕೆ ಬಣ್ಣ ಹಾಕುತ್ತಿದ್ದುದನ್ನು 1ನೆಯ ಶತಮಾನದಲ್ಲೇ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ.

ಹಸಿರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರುಕಟ್ಟೆಯ ಹೊಳೆಯುವ ಹಸಿರು ಕಲ್ಲುಗಳಲ್ಲಿ ಹೆಚ್ಚಿನವು ಸಂಸ್ಕರಿಸಿದವು. ನನ್ನ ಬಳಿಯ ಚಪ್ಪಟೆ ಬೆನ್ನಿನ ಕಲ್ಲಿಗೆ ಹಿಂಬದಿಯಲ್ಲಿ ಕಪ್ಪು ಲೇಪವಿದೆ. ಅಡ್ಡಲಾಗಿ ಹಿಡಿದು ನೋಡಿದರೆ ಒಳಗಿರುವುದು ಬರೀ ತಿಳಿ ಹಳದಿ.

ನೀಲಿಯ ಕಥೆ ಬೇರೆ. ಡೊಮಿನಿಕನ್ ಗಣರಾಜ್ಯದ ನೀಲಿ ಅಂಬರ್ ಹೈಮೆನಿಯ ಕುಲದ ಅಳಿದ ಮರದ ರಾಳವಾಗಿದ್ದು, ಬಾಲ್ಟಿಕ್‌ನದಕ್ಕಿಂತ ವಯಸ್ಸಿನಲ್ಲಿ ಬಹಳ ಕಿರಿಯದು. ಅದರ ಚೂರೊಂದನ್ನು ಬಿಳಿ ಕಾಗದದ ಮೇಲಿಟ್ಟರೆ ಸಾಧಾರಣ ಜೇನುಬಣ್ಣವೇ ಕಾಣುತ್ತದೆ. ಅದನ್ನೇ ಕಪ್ಪು ಬಟ್ಟೆಯ ಮೇಲಿಟ್ಟು ಬಿಸಿಲಿಗೆ ಒಡ್ಡಿದ ಕೂಡಲೇ ಮೇಲ್ಮೈಯಲ್ಲಿ ನೀಲಿ ಹರಡಿಕೊಳ್ಳುತ್ತದೆ, ಏಕೆಂದರೆ ಅದರಲ್ಲಿರುವ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ಇಂಗಾಲದ ಸಂಯುಕ್ತ‌ಗಳು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುತ್ತವೆ. ಬಿಳಿ ಹಿನ್ನೆಲೆಯಿಂದ ಹಿಂದಿರುಗುವ ಹಳದಿ ಬೆಳಕಿನಲ್ಲಿ ಈ ನೀಲಿ ಮುಳುಗಿಹೋಗುತ್ತದೆ. ಹಾಗಾಗಿ ಈ ಮಣಿಯನ್ನು ಸರದಲ್ಲಿ ಪೋಣಿಸಿದರೆ ಧರಿಸಿದವರ ಉಡುಪಿನ ಬಣ್ಣವನ್ನು ಅವಲಂಬಿಸಿ ಅದು ನೀಲಿಯೋ ಜೇನೋ ಆಗುತ್ತದೆ. ಸದ್ಯಕ್ಕೆ ಅದನ್ನು ಕಪ್ಪು ತಟ್ಟೆಯ ಬೆಳ್ಳಿ ಪದಕದಲ್ಲಿ ಕೂರಿಸುವ ಯೋಚನೆಯಿದೆ.

ಚೀಟಿಗಳಿಗೆ ಪೋಲೆಂಡಿನ ಗ್ಡಾನ್ಸ್ಕ್‌ನ ಅಂತರರಾಷ್ಟ್ರೀಯ ಅಂಬರ್ ಸಂಘ ಮಾಡಿರುವ ವಿಂಗಡಣೆಯನ್ನೇ ಅನುಸರಿಸುತ್ತಿದ್ದೇನೆ: ಕೇವಲ ಕತ್ತರಿಸಿ ನುಣುಪು ಮಾಡಿದ್ದು ಸಹಜ, ಕಾವು ಒತ್ತಡಗಳಿಗೆ ಒಳಪಟ್ಟದ್ದು ಮಾರ್ಪಡಿಸಿದ್ದು, ಚೂರುಗಳನ್ನು ಒತ್ತಿ ಕಟ್ಟಿದ್ದು ಪುನರ್ನಿರ್ಮಿತ, ತುಂಡುಗಳನ್ನು ಅಂಟಿಸಿದ್ದು ಜೋಡಿಸಿದ್ದು. ಬಣ್ಣದ ಹೆಸರು ಇದರ ಕೆಳಗೆ ಎರಡನೆಯ ಸಾಲಿನಲ್ಲಿ ಬರುತ್ತದೆ.

ಉಳಿದಿರುವುದು ಪೋಣಿಸುವ ಕೆಲಸ. ಅಂಬರ್‌ನ ಗಡಸುತನ 1ರಿಂದ 10ರವರೆಗಿನ ಮೋಸ್ ಮಾನದಲ್ಲಿ 2ರಿಂದ 2.5 ಮಾತ್ರ ಆಗಿರುವುದರಿಂದ ಮಣಿಗಳು ಒಂದಕ್ಕೊಂದು ಉಜ್ಜಿದರೆ ರಂಧ್ರದ ಅಂಚು ಬೇಗನೆ ಒಡೆಯುತ್ತದೆ; ಆದ್ದರಿಂದ ರೇಷ್ಮೆ ದಾರದಲ್ಲಿ ಪ್ರತಿ ಮಣಿಯ ನಡುವೆಯೂ ಗಂಟು ಹಾಕುತ್ತಿದ್ದೇನೆ. ಬಿಳಿಯ ಗುಂಪಿನ ಗಂಟುಗಳು ಮುಗಿದಿವೆ. ಸಹಜವಾಗಿಯೇ ಕೆಂಪಾದ ಹಳೆಯ ಮಣಿಯೊಂದು ಸಿಕ್ಕ ಮೇಲೆ ಅದನ್ನು ಓವನ್ನಿನ ಕೆಂಪಿನ ಪಕ್ಕದಲ್ಲಿಟ್ಟು ಆ ಗುಂಪನ್ನೂ ಮುಗಿಸುತ್ತೇನೆ.