ವಿಟೆಕ್ ಸಿಟಿ, ಆರನೇ ತಿಂಗಳು: ಮೊದಲು ತಂಪು, ಆಮೇಲೆ ಪವರ್

ಗಾಡಿ ಮನೆಗೆ ಬಂದು ಆರು ತಿಂಗಳಾಯಿತು. 2002ರ ಹೋಂಡಾ ಸಿಟಿ 1.5 ವಿಟೆಕ್ (ಇಂಜಿನ್ ಜೋರಾಗಿ ತಿರುಗಿದಾಗ ವಾಲ್ವ್ ಜಾಸ್ತಿ ತೆರೆಸುವ ಹೋಂಡಾದ ವ್ಯವಸ್ಥೆ), ಕೆಎ-34 ನಂಬರ್, 1493 ಸಿಸಿ, ಹೊಸದಿದ್ದಾಗ 106 ಹಾರ್ಸ್‌ಪವರ್. ನೋಡೋಕೆ ನಾಲ್ಕು ಬಾಗಿಲಿನ ಸಾದಾ ಕಾರು. ಆದರೆ ನಮ್ಮ ಕಾಲೇಜಿನ ದಿನಗಳಲ್ಲಿ ಬಳ್ಳಾರಿಯಲ್ಲಿ ಕಣ್ಣಿಗೆ ಬೀಳುತ್ತಿದ್ದ ಸ್ಪೋರ್ಟ್ಸ್ ಕಾರು ಅಂದರೆ ಇದೇ. ಮೋತಿ ಸರ್ಕಲ್ ಕಡೆಯಿಂದ ಇದರ ಸದ್ದು ಬಂದರೆ ಒಗ್ಗರಣೆ ಮಿರ್ಚಿ ತಟ್ಟೆ ಬಿಟ್ಟು ಎದ್ದು ನೋಡುತ್ತಿದ್ದೆವು.

ನವೆಂಬರ್

ತಂದ ವಾರವೇ ಕಂಪನಿಯ ಏರ್ ಫಿಲ್ಟರ್ ಡಬ್ಬಿ ತೆಗೆದು, ಡಬ್ಬಿಯಿಲ್ಲದೆ ತೆರೆದೇ ಕೂರುವ ಕೋನ್ ಫಿಲ್ಟರ್ ಹಾಕಿಸಿದೆ. ವಿಡಿಯೋಗಳಲ್ಲಿ ಎಲ್ಲರೂ ಮೊದಲು ಮಾಡೋದು ಅದನ್ನೇ ಅಲ್ವಾ. ಸದ್ದೇನೋ ಚೆನ್ನಾಗಿ ಬಂತು. ಮೂರು ವಾರ ತೋರಣಗಲ್ಲು, ಸಂಡೂರು ಕಡೆ ಓಡಾಡಿ ಬಂದ ಮೇಲೆ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿದೆ. ಬೆರಳು ಕೆಂಪಾಯಿತು. ಕಬ್ಬಿಣದ ಅದಿರಿನ ಲಾರಿ ಹಿಂದೆ ಹೋದವರಿಗೆ ಆ ಧೂಳು ಎಷ್ಟು ನುಣುಪು ಅಂತ ಗೊತ್ತು. ಅದು ಸಿಲಿಂಡರ್ ಒಳಗೆ ಹೋದರೆ ಪಿಸ್ಟನ್ ರಿಂಗನ್ನು ಎಮರಿ ಪೇಪರ್ ಹಾಗೆ ಉಜ್ಜುತ್ತದೆ. ಜೊತೆಗೆ ಕೋನ್ ಎಳೆದುಕೊಳ್ಳೋದು ಬಾನೆಟ್ ಒಳಗಿನ ಬಿಸಿ ಗಾಳಿ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಪವರ್ ಹೆಚ್ಚುವ ಬದಲು ಇಳಿಯುತ್ತದೆ. ಕಂಪನಿಯ ಡಬ್ಬಿಯನ್ನೇ ವಾಪಸ್ ಕೂರಿಸಿದೆ. ಈಗ ಪೇಪರ್ ಫಿಲ್ಟರನ್ನು ಕಿಲೋಮೀಟರ್ ಲೆಕ್ಕ ನೋಡದೆ, ಕೆಂಪಾದ ಕೂಡಲೇ ಬದಲಿಸುತ್ತೇನೆ. ನಮ್ಮ ಕಡೆಯ ಗಾಡಿಗೆ ಕೋನ್ ಬೇಡವೇ ಬೇಡ.

ಜನವರಿ

"ಇಂಜಿನ್ ಆಮೇಲೆ ಮುಟ್ಟೋಣ್ರಿ ಅಣ್ಣಾ, ಮೊದ್ಲು ರೇಡಿಯೇಟರ್ ಬಿಚ್ಚೋಣ" ಅಂದರು ಮೇಸ್ತ್ರಿ. ಅವರು ಹೇಳಿದ್ದು ಸರಿ. ಹಿಂದಿನವರು ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಸುರಿದಿದ್ದರು. ಸವಳು ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ರೇಡಿಯೇಟರ್ ಕೊಳವೆಗಳ ಒಳಗೆ ಕಟ್ಟಿತ್ತು. ತೊಳೆದು ನೋಡಿದೆವು, ಅರ್ಧ ಕೊಳವೆಗಳಲ್ಲಿ ನೀರೇ ಹರಿಯಲಿಲ್ಲ. ಹೊಸ ರೇಡಿಯೇಟರ್, ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ನೀರಿಗೆ ದಾರಿ ಬಿಡುವ ವಾಲ್ವ್), ಮೇಲಿನ ಕೆಳಗಿನ ಎರಡೂ ಹೋಸ್, ಜೊತೆಗೆ ಮುಚ್ಚಳ ಹಾಕಿಸಿದೆ. ಮುಚ್ಚಳ ಸಣ್ಣದು ಅಂತ ಬಿಡಬೇಡಿ. ಒಳಗೆ ಒತ್ತಡ ಹಿಡಿದಿಡೋದು ಅದೇ. ಹೊರಗಿನ ಗಾಳಿಗಿಂತ 1.1 ಬಾರ್ ಹೆಚ್ಚು ಒತ್ತಡ ನಿಂತರೆ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯದೆ ಸುಮಾರು 120ರ ತನಕ ತಡೆಯುತ್ತದೆ, ಮುಚ್ಚಳದ ರಬ್ಬರ್ ಸತ್ತಿದ್ದರೆ ಹೊಸ ರೇಡಿಯೇಟರ್ ಹಾಕಿಯೂ ಗಾಡಿ ಕುದಿಯುತ್ತದೆ. ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿದ್ದೇನೆ. ಡಿಕ್ಕಿಯಲ್ಲೂ ಒಂದು ಕ್ಯಾನ್ ಇರುತ್ತದೆ.

ಫೆಬ್ರವರಿ

ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಹಲ್ಲಿನ ಬೆಲ್ಟ್. "ಹೋದ ವರ್ಷವೇ ಹಾಕಿಸಿದ್ದು" ಅಂದಿದ್ದರು ಮಾರಿದವರು, ಬಿಲ್ ಇರಲಿಲ್ಲ. ಕವರ್ ತೆಗೆದರೆ ಬೆಲ್ಟ್ ಹಲ್ಲುಗಳ ಬುಡದಲ್ಲಿ ಸಣ್ಣ ಸಣ್ಣ ಬಿರುಕು. ಅದು ಓಡುವಾಗ ತುಂಡಾಗಿದ್ದರೆ ಪಿಸ್ಟನ್ ಬಡಿದು ವಾಲ್ವ್ ಬಾಗಿ ಹೆಡ್ (ವಾಲ್ವ್‌ಗಳಿರುವ ಇಂಜಿನ್‌ನ ಮೇಲ್ಭಾಗ) ಬಿಚ್ಚುವ ಕೆಲಸವೇ ಬರುತ್ತಿತ್ತು. ಈ ಇಂಜಿನ್‌ನಲ್ಲಿ ವಾಟರ್ ಪಂಪ್ ತಿರುಗಿಸೋದೂ ಅದೇ ಬೆಲ್ಟ್, ಹಾಗಾಗಿ ಪಂಪ್, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್, ಆಯಿಲ್ ಸೀಲ್ ಎಲ್ಲ ಒಟ್ಟಿಗೆ ಬದಲಿಸಿದೆವು. ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಬೋಲ್ಟ್ ಬಿಚ್ಚಲು ಪಾನಾಗೆ ಉದ್ದದ ಪೈಪ್ ತೂರಿಸಿ ಇಬ್ಬರು ಜೋತು ಬೀಳಬೇಕಾಯಿತು. ಬೆಲ್ಟ್ ಕೂರಿಸುವವರು ಒಂದು ನೆನಪಿಡಿ: ಈ ಇಂಜಿನ್ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಕೈಯಲ್ಲಿ ತಿರುಗಿಸಿ ನೋಡುವಾಗಲೂ ಉಲ್ಟಾನೇ ತಿರುಗಿಸಬೇಕು.

ಒರೆಸಲು ಜೀನ್ಸ್ ಹೊಲಿಯುವ ಯೂನಿಟ್‌ನಿಂದ ಒಂದು ಚೀಲ ತುಂಡು ಬಟ್ಟೆ ತಂದಿದ್ದೇನೆ, ನಮ್ಮೂರಲ್ಲಿ ಅದಕ್ಕೇನು ಬರವಿಲ್ಲ. ಗ್ರೀಸ್ ಒರೆಸಲು ಅದರಷ್ಟು ಒಳ್ಳೆಯದು ಇಲ್ಲ, ಆದರೆ ದಾರ ಬಿಡುತ್ತದೆ, ಇಂಜಿನ್ ಬಾಯಿ ತೆರೆದಿದ್ದಾಗ ಹತ್ತಿರ ತರಬಾರದು.

ಮಾರ್ಚ್

ಬ್ರೇಕ್ ಆಯಿಲ್ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಪೂರ್ತಿ ಹೊರಹಾಕಿ ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ತುಂಬಿಸಿದೆ. ಮುಂದಿನ ಪ್ಯಾಡ್‌ಗಳೂ ಹೊಸವು.

ಏಪ್ರಿಲ್

ನನಗೆ ತುಂಬಾ ಇಷ್ಟವಾದ ಕೆಲಸ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು ಸರಿಮಾಡೋದು. ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್‌ಗೆ 0.18ರಿಂದ 0.22 ಮಿಲಿಮೀಟರ್, ಹೊಗೆ ಹೊರಬಿಡುವ ಎಕ್ಸಾಸ್ಟ್‌ಗೆ 0.23ರಿಂದ 0.27. ಹೆಡ್ 38 ಡಿಗ್ರಿಗಿಂತ ತಣ್ಣಗಿರುವಾಗ ಮಾತ್ರ ಮಾಡಬೇಕು ಅನ್ನುತ್ತದೆ ಮ್ಯಾನುಯಲ್. ಏಪ್ರಿಲ್‌ನಲ್ಲಿ ಬಳ್ಳಾರಿಯ ಮಧ್ಯಾಹ್ನ ಓಡಿಸದೆ ನಿಲ್ಲಿಸಿದ ಗಾಡಿಯೂ ಅದಕ್ಕಿಂತ ಬಿಸಿ! ಹಿಂದಿನ ರಾತ್ರಿಯೇ ಗಾಡಿ ಒಳಗೆ ನಿಲ್ಲಿಸಿ, ಬೆಳಗ್ಗೆ ಐದೂವರೆಗೆ ಎದ್ದು, ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಹಿಡಿದು ಹದಿನಾರು ವಾಲ್ವ್ ಒಂದೊಂದಾಗಿ ನೋಡಿದೆ. ಎಕ್ಸಾಸ್ಟ್‌ನಲ್ಲಿ ಮೂರು ಬಿಗಿಯಾಗಿದ್ದವು. ಎಂಟಕ್ಕೆ ಕವರ್ ಮುಚ್ಚಿದೆ.

ಅದೇ ದಿನ ವಿಟೆಕ್‌ಗೆ ಆಯಿಲ್ ಬಿಡುವ ವಿದ್ಯುತ್ ವಾಲ್ವ್, ಅಂದರೆ ಸೊಲೆನಾಯ್ಡ್‌ನ ಗ್ಯಾಸ್ಕೆಟ್ ಕೂಡ ಬದಲಿಸಿದೆ. ಆರ್‌ಪಿಎಂ ಮೇಲೇರಿದಾಗ ಆಯಿಲ್ ಒತ್ತಡ ಒಂದು ಪಿನ್ ತಳ್ಳಿ ರಾಕರ್‌ಗಳನ್ನು ಕೂಡಿಸುತ್ತದೆ, ಆಗ ರಾಕರ್ ಒತ್ತುವ ದಂಡವಾದ ಕ್ಯಾಮ್‌ನ ದೊಡ್ಡ ಉಬ್ಬು ಕೆಲಸಕ್ಕೆ ಬರುತ್ತದೆ, ವಾಲ್ವ್ ಜಾಸ್ತಿ ತೆರೆಯುತ್ತದೆ. ಆ ಗ್ಯಾಸ್ಕೆಟ್‌ನಲ್ಲೇ ಸಣ್ಣ ಜಾಲರಿ ಇದೆ, ನನ್ನದರಲ್ಲಿ ಕಸ ತುಂಬಿತ್ತು. ಎಷ್ಟು ದಿನದಿಂದ ವಿಟೆಕ್ ಸರಿಯಾಗಿ ಬರುತ್ತಿರಲಿಲ್ಲವೋ!

ಭಾನುವಾರ ಬೆಳಗಾಗುವ ಮುಂಚೆ, ಲಾರಿಗಳು ಕಡಿಮೆ ಇರುವಾಗ, ತೋರಣಗಲ್ಲಿನಿಂದ ಎಡಕ್ಕೆ ತಿರುಗಿ ಸಂಡೂರು ಗುಡ್ಡದ ಕಡೆ ಹೋದೆ. ಏರಿನಲ್ಲಿ ಎರಡನೇ ಗೇರ್‌ನಲ್ಲಿ ಎಳೆಸಿದಾಗ ಸದ್ದು ಬದಲಾಯಿತು, ಕಾಲೇಜಿನಲ್ಲಿ ಕೇಳಿದ್ದ ಅದೇ ಸದ್ದು. ಟೆಂಪರೇಚರ್ ಮುಳ್ಳು ಮಾತ್ರ ಮಧ್ಯಕ್ಕಿಂತ ಒಂದು ಕೂದಲೂ ಮೇಲೆ ಹೋಗಲಿಲ್ಲ. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಅದು.

ಈಗ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಆಯಿಲ್ ಜಿನುಗುತ್ತಿದೆ. ಅದರ ರಬ್ಬರ್ ಓ-ರಿಂಗ್ ಬೆಂಗಳೂರಿನಿಂದ ಬರಬೇಕು. ಬಿಚ್ಚಿದ ಮೇಲೆ ಇಗ್ನಿಷನ್ ಟೈಮಿಂಗ್ ತಪ್ಪಬಾರದು ಅಂತ ಅದು ಕೂತ ಜಾಗಕ್ಕೆ ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ.