ಮೇ ಏಳರ ರಜೆ

ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನೋಟಿಸ್ ಬೋರ್ಡ್ ಇರುವುದು ಪಂಚಿಂಗ್ ಮಷೀನ್ ಪಕ್ಕದಲ್ಲೇ. ಬೆಳಿಗ್ಗೆ ಸಾಲಲ್ಲಿ ನಿಂತಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. 2024ರ ಏಪ್ರಿಲ್ 22, ಸೋಮವಾರ, ಅಲ್ಲಿ ಹೊಸ ಹಾಳೆ ಅಂಟಿಸಿದ್ದರು. ಲೋಕಸಭೆ ಚುನಾವಣೆ ಪ್ರಯುಕ್ತ 26ನೇ ತಾರೀಖು ಶುಕ್ರವಾರ ರಜೆ. ಅದರ ಬದಲು 28ನೇ ತಾರೀಖು ಭಾನುವಾರ ಕೆಲಸ.

ನನ್ನ ಹಿಂದೆ ರಾಯಚೂರು ಕಡೆಯ ಹುಡುಗಿ ನಿಂತಿದ್ದಳು. ಇಪ್ಪತ್ತು ವರ್ಷ. ನಮ್ಮದೇ ಲೈನ್. ಅವಳು ಶರ್ಟಿನ ಕಾಲರ್ ಹೊಲಿಯುತ್ತಾಳೆ, ನಾನು ತೋಳು ಜೋಡಿಸುತ್ತೇನೆ. ನೋಟಿಸನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಕ್ಕಾ, ನಮ್ಮೂರಾಗ ಓಟು ಮೇ ಏಳಕ್ಕ ಐತ್ರಿ. ನಮಗ್ಯಾವಾಗ ರಜಾ?"

ಕರ್ನಾಟಕದಲ್ಲಿ ಆ ಸಲ ಎರಡು ಹಂತದಲ್ಲಿ ಮತದಾನ. ಬೆಂಗಳೂರು, ಮೈಸೂರು, ಹಾಸನದ ಕಡೆಯ 14 ಕ್ಷೇತ್ರಗಳಿಗೆ ಏಪ್ರಿಲ್ 26. ರಾಯಚೂರು, ಕೊಪ್ಪಳ, ಕಲಬುರಗಿ, ಬೀದರ್ ಸೇರಿ ಇನ್ನುಳಿದ 14ಕ್ಕೆ ಮೇ 7. ನಮ್ಮ ಫ್ಲೋರಿನಲ್ಲಿ ಆ ಕಡೆಯವರು ಮೂವತ್ತು ಚಿಲ್ಲರೆ ಜನ ಇದ್ದರು. ದುಡಿಯುವುದು ಇಲ್ಲಿ, ಓಟು ಅಲ್ಲಿ. ಇಲ್ಲಿಗೆ ಹೆಸರು ಬದಲಾಯಿಸಿಕೊಳ್ಳಿ ಎಂದು ಹೇಳುವುದು ಸುಲಭ. ವರ್ಷಕ್ಕೆ ಎರಡು ಸಲ ಬಾಡಿಗೆ ರೂಮು ಬದಲಿಸುವವರಿಗೆ ವಿಳಾಸದ ದಾಖಲೆ ಯಾರು ಕೊಡುತ್ತಾರೆ?

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಎಚ್‌ಆರ್ ರೂಮಿಗೆ ಹೋಗಿ ಕೇಳಿ ಬಂದಳು. ಫ್ಯಾಕ್ಟರಿ ಇರುವುದು ಬೆಂಗಳೂರಿನಲ್ಲಿ, ಇಲ್ಲಿನ ಓಟಿಗೆ ರಜೆ ಕೊಟ್ಟಾಯಿತು, ಅಷ್ಟೇ ಅಂದರಂತೆ. ಹೋಗುವುದಾದರೆ ಆಬ್ಸೆಂಟ್ ಹಾಕುತ್ತಾರೆ. ಆಬ್ಸೆಂಟ್ ಅಂದರೆ ಒಂದು ದಿನದ ಸಂಬಳದ ಜೊತೆಗೆ ಆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಯಿತು.

ಆ ಬೇಸಿಗೆ ಹೇಗಿತ್ತು ಎಂದು ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬಹುದು. ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಕಟ್ಟಬೇಕಾಗಿ ಬಂದಿತ್ತು. ಫ್ಯಾಕ್ಟರಿಯೊಳಗೆ ಇಸ್ತ್ರಿಯ ಹಬೆ, ಮೇಲೆ ಶೀಟು. ಕುಡಿಯಲು ನಲ್ಲಿಯಲ್ಲಿ ಬರುತ್ತಿದ್ದದ್ದು ಬಿಸಿ ನೀರು. ನೀರು ಜಾಸ್ತಿ ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಹೋದರೆ ಗಂಟೆಯ ಟಾರ್ಗೆಟ್ ಬೀಳುತ್ತದೆ. ಹಾಗಾಗಿ ನಮ್ಮಲ್ಲಿ ಬಹಳ ಹೆಂಗಸರು ಬಾಯಾರಿದರೂ ಸುಮ್ನೆ ಇರುತ್ತಾರೆ.

ಬುಧವಾರ 24ರಂದು ಸಂಜೆ ಆರಕ್ಕೆ ಬಹಿರಂಗ ಪ್ರಚಾರ ಮುಗಿಯಬೇಕು. ನಾವು ಗೇಟಿನಿಂದ ಹೊರಗೆ ಬಂದಾಗ ಐದೂವರೆ. ಕೊನೆಯ ಅರ್ಧ ಗಂಟೆ ಅಲ್ವಾ, ಎರಡು ಪಕ್ಷದ ವಾಹನಗಳೂ ನಮ್ಮ ರಸ್ತೆಯಲ್ಲೇ ಇದ್ದವು. ಒಂದೇ ಸಲಕ್ಕೆ ಅಷ್ಟೊಂದು ಓಟುಗಳು ಇನ್ನೆಲ್ಲಿ ಸಿಗಬೇಕು? ಗಾರ್ಮೆಂಟ್ಸ್ ಬಿಡುವ ಹೊತ್ತಿನಲ್ಲಿ ರಸ್ತೆ ತುಂಬ ಹೆಂಗಸರೇ.

ಮೊದಲ ಜೀಪಿನಲ್ಲಿದ್ದವರು ದೇಶದ ಬೆಳವಣಿಗೆಯ ಬಗ್ಗೆ ಮಾತಾಡಿದರು. ಕಂಪನಿಗಳಿಗೆ ಅಡ್ಡಿಯಾಗಿರುವ ಹಳೇ ಕಾನೂನುಗಳನ್ನು ತೆಗೆಯುತ್ತಿದ್ದೇವೆ, ಇನ್‌ಸ್ಪೆಕ್ಟರುಗಳ ಕಾಟ ತಪ್ಪಿಸುತ್ತೇವೆ, ಆಗ ಫ್ಯಾಕ್ಟರಿಗಳು ಜಾಸ್ತಿ ಬರುತ್ತವೆ, ನಿಮಗೇ ಕೆಲಸ ಎಂದರು.

ಹುಡುಗಿ ನನ್ನ ಕಡೆ ತಿರುಗಿದಳು. "ಯಾವ ಇನ್‌ಸ್ಪೆಕ್ಟರ್ ಅಕ್ಕಾ? ನಾ ಬಂದಾಗಿಂದ ಒಬ್ಬರನ್ನೂ ನೋಡಿಲ್ಲಲ್ರೀ."

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹದಿನಾಲ್ಕು ವರ್ಷ ಹೊಲಿಗೆ ಕೆಲಸ ಮಾಡಿರುವ ನಾನು ನೋಡಿರುವುದೂ ಬೆರಳೆಣಿಕೆ. ಅವರು ಬರುವ ಸುದ್ದಿ ಮೊದಲೇ ಬಂದಿರುತ್ತದೆ. ಅವತ್ತು ಟಾಯ್ಲೆಟ್‌ನಲ್ಲಿ ಸೋಪು ಇರುತ್ತದೆ. ಬೀಗ ಹಾಕಿದ್ದ ಶಿಶುಪಾಲನಾ ಕೋಣೆಯ ಬಾಗಿಲು ತೆರೆದಿರುತ್ತದೆ, ಒಳಗೆ ಆಟಿಕೆ ಬಂದಿರುತ್ತವೆ. ಮೂವತ್ತಕ್ಕಿಂತ ಜಾಸ್ತಿ ಹೆಂಗಸರಿರುವ ಕಡೆ ಆ ಕೋಣೆ ಇರಲೇಬೇಕು ಎನ್ನುತ್ತಿತ್ತು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ. ಅಂಥ ಒಂದು ಸಾಲು ಪುಸ್ತಕದಲ್ಲಿ ಇದ್ದದ್ದರಿಂದಲೇ ಆ ಒಂದು ದಿನವಾದರೂ ಬಾಗಿಲು ತೆರೆಯಿತು. ಕಾನೂನು ಜಾಸ್ತಿಯಾಯಿತು ಎಂದು ಜೀಪಿನ ಮೇಲಿಂದ ಹೇಳುವವರು ಯಾರ ಕಡೆ ನಿಂತು ನೋಡುತ್ತಿದ್ದಾರೆ ಎಂದು ಕೇಳಬೇಕು.

ಸಂಸತ್ತು 29 ಕಾರ್ಮಿಕ ಕಾನೂನುಗಳನ್ನು ಸೇರಿಸಿ ನಾಲ್ಕು ಸಂಹಿತೆ ಮಾಡಿತು. ಒಂದು 2019ರಲ್ಲಿ, ಮೂರು 2020ರ ಸೆಪ್ಟೆಂಬರ್‌ನಲ್ಲಿ. ಕೊನೆಯ ಮೂರು ರಾಜ್ಯಸಭೆಯಲ್ಲಿ ಪಾಸಾದಾಗ ವಿರೋಧ ಪಕ್ಷಗಳವರು ಸದನದಲ್ಲೇ ಇರಲಿಲ್ಲ. ಮೊದಲು 100 ಜನರಿದ್ದ ಫ್ಯಾಕ್ಟರಿ ಮುಚ್ಚಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಈಗ ಅದು 300. ಇನ್‌ಸ್ಪೆಕ್ಟರ್ ಎಂಬ ಹೆಸರಿನ ಜೊತೆಗೆ 'ಅನುಕೂಲ ಮಾಡಿಕೊಡುವವರು' ಎಂಬ ಅರ್ಥದ ಇನ್ನೊಂದು ಹೆಸರೂ ಸೇರಿತು. ನಾನು ಹೇಳುತ್ತಿರುವ ಏಪ್ರಿಲ್‌ನಲ್ಲಿ ಇವು ಇನ್ನೂ ಜಾರಿಗೆ ಬಂದಿರಲಿಲ್ಲ. ಬಂದಿದ್ದು 2025ರ ನವೆಂಬರ್ 21ರಂದು. ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಹುಡುಗಿಯ ಪ್ರಶ್ನೆಯೇ.

ಎರಡನೇ ವಾಹನದವರು ಗ್ಯಾರಂಟಿಗಳ ಬಗ್ಗೆ ಹೇಳಿದರು. ಉಚಿತ ಬಸ್ಸು, ಗೃಹಲಕ್ಷ್ಮಿಯ 2,000 ರೂಪಾಯಿ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಸ್ ಚಾರ್ಜು ಉಳಿದಿದ್ದರಿಂದ ಮಗಳ ಟ್ಯೂಷನ್ ಫೀಸು ಕಟ್ಟಿದವರು ನಮ್ಮ ಲೈನಿನಲ್ಲೇ ಇದ್ದಾರೆ. ದೇಶದಾದ್ಯಂತ ದಿನಕ್ಕೆ 400 ರೂಪಾಯಿ ಕನಿಷ್ಠ ಕೂಲಿ ಮಾಡುತ್ತೇವೆ ಎಂದೂ ಹೇಳಿದರು. 26 ದಿನಕ್ಕೆ 10,400. ನಮ್ಮ ಟೈಲರ್‌ಗಳಿಗೆ ಆಗಲೇ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಆದರೆ ಹುಡುಗಿ ಹೇಳಿದಳು, ಅವಳ ಅವ್ವನಿಗೆ ಮೆಣಸಿನಕಾಯಿ ಬಿಡಿಸಿದರೆ ಅಷ್ಟು ಸಿಗುವುದಿಲ್ಲವಂತೆ. ಅವಳಿಗೆ ಅದು ದೊಡ್ಡ ಮಾತು.

ಆದರೆ ಕೆಲಸದ ಹೊತ್ತಿನ ಬಗ್ಗೆ ಎರಡೂ ಜೀಪಿನಲ್ಲಿ ಒಂದು ಮಾತು ಬರಲಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮದೇ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿತ್ತು. ದಿನಕ್ಕೆ 12 ಗಂಟೆವರೆಗೆ ಕೆಲಸ ಮಾಡಿಸಬಹುದು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ 145 ಗಂಟೆ ಆಯಿತು. ತಂದವರು ಮೊದಲ ಜೀಪಿನವರು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಎರಡನೇ ಜೀಪಿನವರು ಬಂದರು. ತಿದ್ದುಪಡಿ ಹಾಗೇ ಉಳಿಯಿತು. ಕೆಲಸಗಾರರ ಒಪ್ಪಿಗೆ ಬೇಕು ಎಂದು ಬರೆದಿದ್ದಾರೆ, ನಿಜ. ಸೂಪರ್‌ವೈಸರ್ ಎದುರಿಗೆ ನಿಂತು ಒಪ್ಪಿಗೆ ಇಲ್ಲ ಎಂದು ಹೇಳುವ ಧೈರ್ಯವನ್ನು ಯಾವ ಕಾಯ್ದೆ ಕೊಡುತ್ತದೆ?

ಅಷ್ಟರಲ್ಲಿ ಹುಡುಗಿ ಜೀಪಿನ ಹತ್ತಿರವೇ ಹೋಗಿಬಿಟ್ಟಿದ್ದಳು. "ಸಾರ್, ಮೇ ಏಳಕ್ಕ ನಮಗ ರಜಾ ಕೊಡಸ್ತೀರೇನ್ರಿ?" ಮೈಕಿನ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಅವರು ಕೈಮುಗಿದರು, ಗಾಡಿ ಮುಂದೆ ಹೋಯಿತು. ಆರು ಗಂಟೆಗೆ ಎಲ್ಲ ಮೈಕೂ ನಿಂತವು.

ಅವತ್ತು ರಾತ್ರಿ ನನ್ನ ರೂಮಿನಲ್ಲಿ ಐದಾರು ಜನ ಕೂತೆವು. ನಾನು ಕೆಂಪು ಬಾವುಟದ ಕಾರ್ಮಿಕ ಸಂಘದವಳು. ಕಾನೂನು ಓದುವ ಅಭ್ಯಾಸ ಅಲ್ಲಿಂದ ಬಂದದ್ದು. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮನ್ನು ಮೊಬೈಲಿನಲ್ಲಿ ಹುಡುಕಿ, ಒಂದೊಂದೇ ಸಾಲು ಕನ್ನಡಕ್ಕೆ ತಂದು ಹೇಳಿದೆ. ಯಾವುದೇ ವ್ಯಾಪಾರ, ಕೈಗಾರಿಕೆಯಲ್ಲಿ ದುಡಿಯುವ ಮತದಾರರಿಗೆ ಮತದಾನದ ದಿನ ರಜೆ ಕೊಡಬೇಕು. ಸಂಬಳ ಹಿಡಿಯಬಾರದು. ದಿನಗೂಲಿಯವರಿಗೂ ಆ ದಿನದ ಕೂಲಿ ಕೊಡಬೇಕು. ಫ್ಯಾಕ್ಟರಿ ಎಲ್ಲಿದೆ ಎಂಬ ಮಾತೇ ಅಲ್ಲಿಲ್ಲ. ಬೇರೆ ಕ್ಷೇತ್ರದಲ್ಲಿ ದುಡಿಯುವವರಿಗೂ ಇದು ಸೇರುತ್ತದೆ ಎಂದು ಚುನಾವಣಾ ಆಯೋಗವೇ ಹೇಳಿದೆ.

ಎಲ್ಲರ ಮುಖ ಅರಳಿತು. ಮುಂದಿನ ಸಾಲಿಗೆ ಬಂದೆ. ರಜೆ ಕೊಡದ ಮಾಲೀಕರಿಗೆ ದಂಡ, ಹೆಚ್ಚೆಂದರೆ 500 ರೂಪಾಯಿ.

"ಐನೂರಾ?" ಎಂದಳು ಹುಡುಗಿ. "ನಾ ಒಂದಿನ ಬರಲಿಲ್ಲಂದ್ರ ನನಗ ಅದಕ್ಕಿಂತ ಜಾಸ್ತಿ ಹಿಡಿತಾರಲ್ರೀ."

ನನಗೆ ಹೊಟ್ಟೆ ಉರಿಯಿತು. ಒಬ್ಬ ಅಭ್ಯರ್ಥಿ ಲೋಕಸಭೆಗೆ 95 ಲಕ್ಷದವರೆಗೆ ಖರ್ಚು ಮಾಡಬಹುದು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅದೇ ವರ್ಷ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದುಡ್ಡು ಕೊಡುವ ಚುನಾವಣಾ ಬಾಂಡ್ ರದ್ದು ಮಾಡಿತ್ತು. ಯಾವ ಕಂಪನಿ ಎಷ್ಟು ಕೊಟ್ಟಿತು ಎಂಬುದು ಮಾರ್ಚಿನಲ್ಲಿ ಹೊರಗೆ ಬಂದಿತ್ತು. ಕಂಪನಿಗಳು ಪಕ್ಷಗಳಿಗೆ ಕೋಟಿಗಟ್ಟಲೆ ಕೊಡುವ ದೇಶದಲ್ಲಿ, ಒಬ್ಬ ಹೆಂಗಸಿನ ಓಟು ತಪ್ಪಿಸಿದರೆ 500. ಅದೇ ಕಲಮಿನ ಕೊನೆಯಲ್ಲಿ ಇನ್ನೊಂದು ಕಿಂಡಿಯೂ ಇದೆ. ಕೆಲಸಗಾರ ಇಲ್ಲದಿದ್ದರೆ ಅಪಾಯ ಅಥವಾ ದೊಡ್ಡ ನಷ್ಟ ಆಗುವಂತಿದ್ದರೆ ರಜೆ ಕೊಡಬೇಕಾಗಿಲ್ಲ.

ಮರುದಿನ ಎಚ್‌ಆರ್ ಆ ಕಿಂಡಿಯನ್ನೇ ಹಿಡಿದರು. "ಶಿಪ್‌ಮೆಂಟ್ ಇದೆಯಮ್ಮ. ಮೂವತ್ತು ಜನ ಹೋದರೆ ಲೈನ್ ನಿಲ್ಲುತ್ತೆ. ನಷ್ಟ ಯಾರು ಕಟ್ಟಿಕೊಡ್ತಾರೆ?" ಎಂದರು. ಅವರು ಜೋರು ಮಾಡಲಿಲ್ಲ, ಅವರಿಗೂ ಮೇಲಿನವರ ಒತ್ತಡ ಇತ್ತು. ಆದರೆ ಕಾಲರ್ ಹೊಲಿಯುವವಳು ಒಂದು ದಿನ ಇಲ್ಲದಿದ್ದರೆ ದೊಡ್ಡ ನಷ್ಟ ಎಂದಾದರೆ, ಅವಳಿಗೆ ಅಷ್ಟು ಕಮ್ಮಿ ಸಂಬಳ ಯಾಕೆ?

ಶುಕ್ರವಾರ ನಾನು ಓಟು ಹಾಕಿ ಬಂದೆ. ಭಾನುವಾರ ಎಲ್ಲರೂ ಕೆಲಸಕ್ಕೆ ಬಂದೆವು. ಅವತ್ತು ಟೀ ಬಿಡುವಿನಲ್ಲಿ ಮೇ 7ರ ರಜೆ ಕೇಳಿ ಸಹಿ ಹಾಕಿಸುವುದು ಶುರುವಾಯಿತು. ಕಟಿಂಗ್ ಸೆಕ್ಷನ್ನಿನ ಅಣ್ಣ ಒಬ್ಬರು ಬಟ್ಟೆ ಕತ್ತರಿಸಲು ಅಳತೆ ಗುರುತಿಸುವ ಮಾರ್ಕರ್ ಪೇಪರಿನ ಒಂದು ತುಂಡು ಕೊಟ್ಟರು. ಉತ್ತರ ಕರ್ನಾಟಕದವರು ಮೊದಲು ಹಾಕಿದರು. ಆಮೇಲೆ ಬೆಂಗಳೂರು, ಮಂಡ್ಯ, ತುಮಕೂರಿನವರೂ ಹಾಕಿದರು, ಅವರ ಓಟು ಆಗಲೇ ಮುಗಿದಿದ್ದರೂ.

ಹಾಸ್ಟೆಲಿನ ಒಡಿಶಾ ಹುಡುಗಿಯರನ್ನೂ ಕೇಳಿದೆವು. ಅವರ ಊರಿಗೆ ಹೋಗಿ ಬರಲು ನಾಲ್ಕೈದು ದಿನ ಬೇಕು. ಅವರು ಓಟಿನ ಆಸೆಯನ್ನೇ ಬಿಟ್ಟಿದ್ದರು. ಆದರೂ ತಮ್ಮ ಲಿಪಿಯಲ್ಲಿ ಹೆಸರು ಬರೆದು ಕೊಟ್ಟರು. ಆ ಗುಂಡು ಗುಂಡಾದ ಅಕ್ಷರಗಳನ್ನು ನೋಡುತ್ತ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ನೂರು ದಾಟಿತು. ಅಷ್ಟು ಸಹಿ ಯಾಕೆ ಬಿದ್ದಿತು ಎಂದು ಹಳಬರಿಗೆ ಗೊತ್ತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣ 58 ವರ್ಷ ಆಗುವವರೆಗೆ ಸಿಗುವುದಿಲ್ಲ ಎಂದು. ನಮ್ಮ ಒಳ್ಳೆಯದಕ್ಕೇ ಎಂದರು. ಮಗಳ ಮದುವೆ, ಗಂಡನ ಆಪರೇಷನ್, ಊರಿನ ಸಾಲ, ಎಲ್ಲಕ್ಕೂ ನಮಗಿದ್ದದ್ದು ಅದೊಂದೇ ದುಡ್ಡು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಮಷೀನ್ ಬಿಟ್ಟು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಬಂದು ಕೂತೆವು. ಲಾಠಿ ಬಿತ್ತು, ಅಶ್ರುವಾಯು ಬಂತು. 19ರಂದೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಸರ್ಕಾರದ ನಿಯಮ ಎಲ್ಲವೂ ಒಳ್ಳೆಯದೇ ಎಂದು ನಾನು ಹೇಳುವುದಿಲ್ಲ, ಆ ಎರಡು ದಿನ ರಸ್ತೆಯಲ್ಲಿದ್ದವಳು ನಾನು. ನಮ್ಮನ್ನು ಕೇಳದೆ ಮಾಡಿದ ನಿಯಮವನ್ನು ತಡೆದವರು ನಾವೇ. ನಮ್ಮ ಪರ ಇರುವ ನಿಯಮವನ್ನು ಉಳಿಸಿಕೊಳ್ಳಬೇಕಾದವರೂ ನಾವೇ.

ಸಹಿಯ ಹಾಳೆ ಎಚ್‌ಆರ್‌ಗೆ ಕೊಟ್ಟೆವು. ಒಂದು ಪ್ರತಿ ಕಾರ್ಮಿಕ ಇಲಾಖೆಗೆ. ಮತದಾರರ ಸಹಾಯವಾಣಿ 1950 ನಂಬರಿಗೆ ಫೋನ್ ಮಾಡಿ ದೂರು ಬರೆಸಿದೆವು. ಮೇ 4, ಶನಿವಾರ ಸಂಜೆ ಬೋರ್ಡಿಗೆ ಇನ್ನೊಂದು ಹಾಳೆ ಬಂತು. ಮೇ 7ರಂದು ಮತದಾನ ಇರುವ ಕ್ಷೇತ್ರದವರು ಗುರುತಿನ ಚೀಟಿ ತೋರಿಸಿದರೆ ಸಂಬಳ ಸಹಿತ ರಜೆ. ಬದಲಿಗೆ 12ನೇ ತಾರೀಖು ಭಾನುವಾರ ಅವರು ಕೆಲಸಕ್ಕೆ ಬರಬೇಕು. ಆ ಬದಲಿ ಭಾನುವಾರ ನನಗೆ ಈಗಲೂ ಒಪ್ಪಿಗೆ ಇಲ್ಲ. ಕೊಟ್ಟ ರಜೆಯನ್ನು ಮತ್ತೆ ದುಡಿಸಿಕೊಂಡರೆ ಅದು ರಜೆ ಹೇಗಾಗುತ್ತದೆ? ಆದರೆ ಮೂವತ್ತು ಜನ ಊರಿಗೆ ಹೋಗುವ ಖುಷಿಯಲ್ಲಿದ್ದರು. ಅವತ್ತು ಅದನ್ನು ಎಳೆಯಲಿಲ್ಲ.

ಸೋಮವಾರ ಶಿಫ್ಟ್ ಮುಗಿಸಿ ಅವರು ಸೀದಾ ಮೆಜೆಸ್ಟಿಕ್‌ಗೆ ಹೋದರು. ಹೆಂಗಸರಿಗೆಲ್ಲ ಜೀರೋ ಟಿಕೆಟ್. ಬಸ್ಸಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲವಂತೆ, ಅರ್ಧ ದಾರಿ ನಿಂತೇ ಹೋದರಂತೆ. ಬುಧವಾರ ಬೆಳಿಗ್ಗೆ ಹುಡುಗಿ ಬಸ್ಸಿಳಿದು, ರೂಮಿಗೂ ಹೋಗದೆ, ಚೀಲ ಹಿಡಿದುಕೊಂಡೇ ಗೇಟಿಗೆ ಬಂದಳು. ಎಡಗೈ ತೋರುಬೆರಳ ಮೇಲೆ ಶಾಯಿ. ಆ ಶಾಯಿ ಮಾಡುವುದು ಮೈಸೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಎಂದು ಹೇಳಿದರೆ ಅವಳಿಗೆ ಆಶ್ಚರ್ಯ. "ಅಲ್ಲೂ ನಮ್ಮಂಥೋರೇ ಇರ್ತಾರಲ್ಲ ಅಕ್ಕಾ?" ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಹಂಚಿದಳು. ಚಟ್ನಿ ಖಾರಕ್ಕೆ ನಲ್ಲಿ ಹತ್ತಿರ ಹೋಗಿ ಒಂದು ಲೋಟ ತುಂಬಿಕೊಂಡು ಬಂದಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಬಿಸಿ ನೀರು.

"ಅಕ್ಕಾ," ಎಂದಳು, "ನೀರಿಂದೂ ಆ ಕಾಯ್ದೆದಾಗ ಏನರ ಬರದಾರೇನ್ರಿ?"

ನಾನು ಕೈ ಒರೆಸಿಕೊಂಡು ಮೊಬೈಲ್ ತೆಗೆದೆ. ಕಾರ್ಖಾನೆ ಕಾಯ್ದೆ, 18ನೇ ಕಲಮು. 250ಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಬೇಸಿಗೆಯಲ್ಲಿ ಕುಡಿಯುವ ನೀರನ್ನು ತಣ್ಣಗೆ ಮಾಡಿ ಕೊಡಬೇಕು. ಓದಿ ಹೇಳಿದೆ. ಅವಳು ರೊಟ್ಟಿ ಕಟ್ಟಿದ್ದ ಬಟ್ಟೆ ಮಡಚಿಟ್ಟು, ಮಾರ್ಕರ್ ಪೇಪರ್ ಇದೆಯಾ ಎಂದು ಕೇಳಲು ಕಟಿಂಗ್ ಸೆಕ್ಷನ್ ಕಡೆ ಹೊರಟಳು.