ಲೆಕ್ಚರೆಟ್ ಚೀಟಿಯಲ್ಲಿ ಬಂದ ಟ್ಯಾಂಕು

ಬೆಳಗಾವಿಯಲ್ಲಿ ಎಸ್‌ಎಸ್‌ಬಿ, ಅಂದರೆ ಸೇನೆಯ ಅಧಿಕಾರಿ ಆಯ್ಕೆಯ ಸಂದರ್ಶನಕ್ಕೆ ತಯಾರಾಗುವ ಬ್ಯಾಚ್‌ಗಳಿಗೆ ಜಿಡಿ (ಗುಂಪು ಚರ್ಚೆ), ಲೆಕ್ಚರೆಟ್ (ಚೀಟಿಯಲ್ಲಿ ಬಂದ ವಿಷಯದ ಮೇಲೆ ಚಿಕ್ಕ ಭಾಷಣ) ಮಾಡಿಸುವುದು ನನ್ನ ಕೆಲಸ. ಈ ಸಲ ಮುಧೋಳ ಕಡೆಯ ಹುಡುಗನೊಬ್ಬನಿಗೆ ‘ಟ್ಯಾಂಕುಗಳ ಕಾಲ ಮುಗಿಯಿತೇ?’ ಅನ್ನುವ ಚೀಟಿ ಬಂತು. ಆಫೀಸಿನವರ ನೋಟ್ಸನ್ನು ಅವನು ಬಾಯಿಪಾಠ ಮಾಡಿದ್ದ. ಟ್ಯಾಂಕುಗಳು ಇಳಿದ ಯುದ್ಧಗಳ ಪಟ್ಟಿ ಅದು: 1916ರಲ್ಲಿ ಫ್ರಾನ್ಸಿನ ಸೋಮ್, 1917ರಲ್ಲಿ ಅಲ್ಲಿಯದೇ ಕಾಂಬ್ರೆ, 1940ರಲ್ಲಿ ಫ್ರಾನ್ಸನ್ನು ಗೆದ್ದ ಜರ್ಮನಿ, 2022ರಲ್ಲಿ ಉಕ್ರೇನ್. ಡ್ರೋನ್ ಬಂತು, ಟ್ಯಾಂಕ್ ಮುಗೀತು. ಅಷ್ಟೇ.

“1940ರಲ್ಲಿ ಜರ್ಮನ್ನರು ಹೇಗೆ ಗೆದ್ದರು?” ಅಂದೆ.

“ಅವರ ಟ್ಯಾಂಕ್ ದೊಡ್ಡವಿದ್ದುವ್ರಿ ಸರ್.”

ಅಲ್ಲ. ಫ್ರೆಂಚರ ಶಾರ್ ಬಿ1 ಟ್ಯಾಂಕಿನ ಉಕ್ಕೇ ದಪ್ಪ. ಆದರೆ ಅದರ ಟರೆಟ್‌ನಲ್ಲಿ, ಅಂದರೆ ತೋಪಿರುವ ಮೇಲಿನ ತಿರುಗುವ ಗೋಪುರದಲ್ಲಿ, ಒಬ್ಬನೇ ಕೂತು ಸುತ್ತ ನೋಡಬೇಕು, ಗುಂಡು ತುಂಬಬೇಕು, ಹೊಡೆಯಬೇಕು. ಜರ್ಮನ್ನರ ಪಾಂಜರ್ 3ರಲ್ಲಿ ಆ ಕೆಲಸಕ್ಕೆ ಮೂವರು. ಜೊತೆಗೆ ರೇಡಿಯೊ. ಇದು ನೋಟ್ಸಿನಲ್ಲಿ ಇಲ್ಲ.

ಹುಡುಗ ನೆಲ ನೋಡುತ್ತ ನಿಂತ. ಕೈ ನಡುಗುತ್ತಿತ್ತು. ಹಿಂದಿನ ಸಾಲಿನಲ್ಲಿ ಫೀಡ್‌ಬ್ಯಾಕ್ ಫಾರ್ಮ್ ಹಿಡಿದು ಕೂತಿದ್ದ ಮ್ಯಾನೇಜರು “ನೆಕ್ಸ್ಟ್” ಅಂದರು. ನನಗೆ ಸಿಟ್ಟು ಬಂತು. ಸೋತ ಮುಖದಲ್ಲಿ ಹುಡುಗನನ್ನು ಕೂರಿಸಿದರೆ ಅವನು ನಾಳೆ ಬಾಯಿ ಬಿಡುತ್ತಾನಾ?

“ಕಬ್ಬಿನ ಹೊಲಕ್ಕೆ ನೀರು ಬಿಟ್ಟ ಮೇಲೆ ಟ್ರ್ಯಾಕ್ಟರ್ ಇಳಿಸ್ತೀಯೇನಪ್ಪಾ?”

“ಇಲ್ರೀ ಸರ್, ಗಾಲಿ ಹುಗಿತಾವ್ರಿ.”

“ಹಾಗಾದರೆ ಅಸಲ್ ಉತ್ತರ್ ಹೇಳು.”

ಆಗ ಮಾತು ಹೊರಟಿತು. 1965ರ ಸೆಪ್ಟೆಂಬರ್, ಪಾಕಿಸ್ತಾನದ ಜೊತೆ ಯುದ್ಧ, ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ್ ಹಳ್ಳಿ. ನಮ್ಮವರು ಹೊಲಗಳಿಗೆ ನೀರು ಹರಿಸಿದ್ದರು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರಿನಲ್ಲಿ ಸಿಕ್ಕಿಕೊಂಡವು. ಕಬ್ಬಿನ ಮರೆಯಲ್ಲಿ ನಮ್ಮ ಟ್ಯಾಂಕು, ತೋಪುಗಳು ಕಾದಿದ್ದವು. ನಮ್ಮ ಯೋಧ ಅಬ್ದುಲ್ ಹಮೀದ್ ಜೀಪಿನ ಮೇಲಿನ ರಿಕಾಯಿಲ್‌ಲೆಸ್ ಗನ್ನಿನಿಂದಲೇ (ಹಿಂದಕ್ಕೆ ಒದೆಯದ ಹಗುರ ತೋಪು) ಪ್ಯಾಟನ್ ಒಡೆದರು. “ಅಂದ್ರ ಟ್ಯಾಂಕಿಂದು ತಪ್ಪಲ್ರೀ, ಕಳಿಸಿದ ಜಾಗದ್ದು” ಅಂದ. ಅದನ್ನು ಅವನೇ ಹುಡುಕಿಕೊಂಡ. ಇಡೀ ಬ್ಯಾಚಿನಲ್ಲಿ ನನಗೆ ಅತಿ ಖುಷಿ ಕೊಟ್ಟ ಮಾತು ಅದು.

1973ರಲ್ಲಿ ಸಿನಾಯ್‌ನಲ್ಲಿ ಇಸ್ರೇಲಿನ ಟ್ಯಾಂಕುಗಳು ಕಾಲಾಳುಗಳ ಬೆಂಬಲವಿಲ್ಲದೆ ನುಗ್ಗಿ, ಈಜಿಪ್ಟಿನ ಸ್ಯಾಗರ್ ಎಂಬ ಟ್ಯಾಂಕ್ ಒಡೆಯುವ ಕ್ಷಿಪಣಿಗಳಿಗೆ ಸಿಕ್ಕವು. ಆಗಲೂ ಜನ ಟ್ಯಾಂಕ್ ಮುಗೀತು ಅಂದರು. ಮುಗಿಯಲಿಲ್ಲ, ಬದಲಾಯಿತು. ಉಕ್ರೇನಿನಲ್ಲಿ ಟಿ-72 ಟ್ಯಾಂಕಿನ ಟರೆಟ್ ಹಾರಿ ಬೀಳುವುದಕ್ಕೆ ಅದರ ಕೆಳಗೇ ಗುಂಡು ಜೋಡಿಸಿಟ್ಟಿರುವುದು ದೊಡ್ಡ ಕಾರಣ. ಡ್ರೋನಿನ ಭಯ ನಿಜ, ಆದರೆ ಟ್ಯಾಂಕನ್ನು ಒಂಟಿಯಾಗಿ ಕಳಿಸುವ ಕಾಲ ಮಾತ್ರ ಮುಗಿದಿದೆ. ನೋಟ್ಸಿನ ಕೊನೆಯ ಸಾಲು ತೆಗೆಯಿರಿ ಅಂತ ಎಷ್ಟು ಸಲ ಹೇಳಿದರೂ ಆಫೀಸು ಅದನ್ನೇ ಜೆರಾಕ್ಸ್ ಮಾಡಿಸುತ್ತಿದೆ.

ಚೀಟಿಯನ್ನಂತೂ ನಾನು ಬದಲಿಸಿದ್ದೇನೆ. ‘ಲಡಾಖ್‌ಗೆ 68 ಟನ್ನಿನ ಅರ್ಜುನ್ ಟ್ಯಾಂಕ್ ಬಿಟ್ಟು 25 ಟನ್ನಿನ ಹಗುರ ಟ್ಯಾಂಕ್ ಜೋರಾವರ್ ಯಾಕೆ ಕಟ್ಟಿದರು?’ ಇದಕ್ಕೆ ಸೇತುವೆ, ರಸ್ತೆ, ವಿಮಾನ ಹೊರುವ ತೂಕ, ತೆಳು ಗಾಳಿಯಲ್ಲಿ ಎಂಜಿನ್ ಕೊಡುವ ಶಕ್ತಿ, ಎಲ್ಲವನ್ನೂ ಯೋಚಿಸಬೇಕಾಗುತ್ತದೆ.